ತಾಡಪತ್ರಿ: ಮುಂಬಯಿಯ ಸೋರುವ ಮಾಡುಗಳ ಚರಿತ್ರೆಗೆ ಒಂದು ಪೀಠಿಕೆ

ಕನ್ನಡದ ಸಂಶೋಧನೆಯು ಕೋಟೆ, ಕೆರೆ, ಬಸದಿ, ವೀರಗಲ್ಲುಗಳ ಬಗೆಗೆ ಸಾಕಷ್ಟು ಬರೆದಿದೆ. ಮನೆಯ ಬಗೆಗೆ ಬರೆದದ್ದು ಕಡಿಮೆ. ಮನೆಯ ಮಾಡಿನ ಬಗೆಗೆ ಮತ್ತೂ ಕಡಿಮೆ. ಆ ಮಾಡು ಸೋರತೊಡಗಿದಾಗ ಅದರ ಮೇಲೆ ಹೊದಿಸುವ ಹಾಳೆಯ ಬಗೆಗೆ ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ವಿಷಯ ಕ್ಷುಲ್ಲಕವೆಂದು ವಿದ್ವಾಂಸರು ಬಗೆದಿರಬಹುದು. ಆದರೆ ಮೇ ತಿಂಗಳ ಕೊನೆಯ ವಾರದಲ್ಲಿ ಮುಂಬಯಿಯ ಯಾವುದಾದರೊಂದು ಮೇಲ್ಸೇತುವೆಯಿಂದ ಕೆಳಗೆ ನೋಡಿದವರಿಗೆ ಅದು ಹಾಗೆ ತೋರಲಾರದು. ಧಾರಾವಿ, ಕುರ್ಲಾ, ಬಾಂದ್ರಾದ ಪೂರ್ವಭಾಗ, ಲಾಲ್‌ಬಾಗ್‌ನ ಹಳೆಯ ಚಾಳುಗಳು, ಎಲ್ಲೆಡೆಯೂ ಮಾಡುಗಳ ಮೇಲೆ ಜನರು ಹತ್ತಿರುತ್ತಾರೆ. ನೀಲಿ, ಕಪ್ಪು, ಹಳದಿ ಹಾಳೆಗಳು ಬಿಚ್ಚಿಕೊಳ್ಳುತ್ತವೆ. ಅವುಗಳ ಮೇಲೆ ಇಟ್ಟಿಗೆ, ಮುರಿದ ಹಂಚು, ಹಳೆಯ ಟಯರು, ಒಡೆದ ಕೊಡ ಮುಂತಾದ ಭಾರಗಳು ಏರುತ್ತವೆ. ಒಂದು ಮಹಾನಗರವು ಪ್ರತಿವರ್ಷವೂ ತನ್ನ ಮೈಮೇಲೆ ಎರಡನೆಯ ಚರ್ಮವೊಂದನ್ನು ಹೊದೆಯುತ್ತದೆ. ಇದನ್ನು ಎಲ್ಲರೂ ‘ತಾತ್ಕಾಲಿಕ’ ಎನ್ನುತ್ತಾರೆ. ಈ ತಾತ್ಕಾಲಿಕತೆಗೆ ಒಂದು ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಕನ್ನಡ ಕರಾವಳಿಯ ಪಾಲೂ ಇದೆ ಎಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದದ ವಿಚಾರ. ಮರಾಠಿಯಲ್ಲಿಯೂ ಮುಂಬಯಿ ಕರ್ನಾಟಕದ ಕನ್ನಡದಲ್ಲಿಯೂ ಈ ಹಾಳೆಗೆ ‘ತಾಡಪತ್ರಿ’ ಎಂದು ಹೆಸರು. ಹಳೆಯ ಮೈಸೂರಿನ ಕಡೆ ‘ಟಾರ್ಪಾಲು’ ಎನ್ನುವರು. ಈಚೆಗೆ ಕರಾವಳಿ, ಮಲೆನಾಡುಗಳಲ್ಲಿ ಒಂದು ಕಂಪೆನಿಯ ಸರಕಿನ ಹೆಸರಾದ ‘ಸಿಲ್ಪಾಲಿನ್’ ಎಂಬುದೇ ಜಾತಿವಾಚಕವಾಗಿ ಬಳಕೆಗೆ ಬಂದಿದೆ. ಇಂಗ್ಲಿಷಿನ ಟಾರ್ಪಾಲಿನ್ ಎಂಬುದು ಡಾಂಬರಿಗೆ ಸಲ್ಲುವ ‘ಟಾರ್’ ಮತ್ತು ಹೊದಿಕೆಗೆ ಸಲ್ಲುವ ‘ಪಾಲ್’ ಎಂಬೆರಡು ಪದಗಳು ಕೂಡಿ ಆದದ್ದು. ಹದಿನೇಳನೆಯ ಶತಮಾನದಿಂದ ಅದು ಹಡಗಿನವರ ಮಾತು. ಹಡಗಿನ ಹಾಯಿಬಟ್ಟೆಗೆ ಡಾಂಬರು ಬಳಿದು ಸರಕಿನ ಮೇಲೆ ಹೊದಿಸುತ್ತಿದ್ದರು. ಆ ಬಟ್ಟೆಯನ್ನು ಹೊದ್ದು ಮಲಗುವ ನಾವಿಕನಿಗೂ ಅದೇ ಹೆಸರು ಅಂಟಿತು. ಈ ಹಡಗಿನ ಪದವು ಬಂದರಿನಲ್ಲಿ ಇಳಿದು ದೇಶೀಯರ ಬಾಯಿಗೆ ಬಿದ್ದಾಗ, ಅವರ ಕಿವಿಗೆ ಅದು ಪರಿಚಿತವಾದ ‘ತಾಡಪತ್ರ’ವಾಗಿ ಕೇಳಿಸಿತೆಂದು ನಮ್ಮ ಊಹೆ. ಅಪರಿಚಿತ ಧ್ವನಿಯನ್ನು ಪರಿಚಿತ ಅರ್ಥದ ಕಡೆಗೆ ಎಳೆದುಕೊಳ್ಳುವುದು ಜನಭಾಷೆಯ ಸಹಜ ಗುಣ. ಅನಂತಪುರ ಜಿಲ್ಲೆಯ ತಾಡಪತ್ರಿ ಎಂಬ ಊರಿಗೂ ಇದಕ್ಕೂ ಗಂಟುಹಾಕಬೇಕಾಗಿಲ್ಲ.

ಆದರೆ ಈ ಎಳೆದಾಟ ಅರ್ಥಹೀನವಾದುದಲ್ಲ. ತಾಡ ಎಂದರೆ ತಾಳೆ. ತಾಡಪತ್ರವೆಂದರೆ ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಓಲೆಗರಿ, ಎಂದರೆ ಗ್ರಂಥ. ಅದೇ ಗರಿ ಒಕ್ಕಲಿಗನಿಗೆ ಹೊದಿಕೆ. ಮೂಡುಬಿದಿರೆಯಲ್ಲಿ ಉಳಿದುಬಂದ ಧವಳಾದಿ ಸಿದ್ಧಾಂತಗ್ರಂಥಗಳು ಶ್ರೀತಾಳದ ಗರಿಯ ಮೇಲೆ ಬರೆದವು. ಅದೇ ಮರದ ಗರಿಯಿಂದ ತುಳುನಾಡಿನವರು ಕೊಡೆ ಕಟ್ಟುತ್ತಿದ್ದರು. ನಾಟಿಯ ಹೆಣ್ಣುಮಕ್ಕಳು ಬೆನ್ನಿಗೆ ಹೊದೆಯುವ ಗೊರಬು ಕೂಡ ಎಲೆಯದೇ. ಬರೆಹವನ್ನು ಕಾಯ್ದದ್ದೂ ಬೆನ್ನನ್ನು ಕಾಯ್ದದ್ದೂ ಎಲೆಯೇ ಆಗಿರುವಾಗ, ಡಾಂಬರಿನ ಬಟ್ಟೆಗೆ ಎಲೆಯ ಹೆಸರನ್ನು ಇಟ್ಟವರು ತಪ್ಪು ಮಾಡಲಿಲ್ಲವೆಂದೇ ಹೇಳಬೇಕು.

ಮಾಡಿನ ಹಿಂದಿನ ಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯಬಹುದು. ಕರಾವಳಿಯಲ್ಲಿ ಮುಳಿಹುಲ್ಲು ಅಥವಾ ತೆಂಗಿನ ಮಡಲು. ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ. ಹುಲ್ಲಿನ ಮಾಡಿಗೆ ವರ್ಷಕ್ಕೊಮ್ಮೆ ಹೊಸ ಹುಲ್ಲು ಬೇಕು. ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ನೀರನ್ನು ಹೀರದ ಕರಲು ಮಣ್ಣನ್ನು ಹೊಸದಾಗಿ ಹರಡಿ ಬಡಿಯಬೇಕು. ಶಿಶುನಾಳ ಶರೀಫರ (1819–1889) ಪ್ರಸಿದ್ಧವಾದ ತತ್ತ್ವಪದದಲ್ಲಿ ಸೋರುವುದು ಇಂಥ ಮಾಳಿಗೆಯೇ ಹೊರತು ಇಳಿಜಾರಾದ ಹಂಚಿನ ಮಾಡಲ್ಲ. ಕರಾವಳಿಯ ವಿದ್ಯಾರ್ಥಿಗಳಿಗೆ ಆ ಪದವನ್ನು ಪಾಠ ಹೇಳುವಾಗ ನಾವು ಇದನ್ನು ಪ್ರತಿಸಾರಿಯೂ ವಿವರಿಸಬೇಕಾಗುತ್ತದೆ. ಹಂಚಿನ ಮಾಡು ಒಂದು ಬಿಂದುವಿನಲ್ಲಿ ಸೋರುತ್ತದೆ. ಮಣ್ಣಿನ ಮಾಳಿಗೆ ಸೋರಿದರೆ ಅದು ಉಪೇಕ್ಷೆಯ ಫಲ. ಏರಿ ನೋಡುವವರಿಲ್ಲದೆ ಕಾಲಾಂತರದಲ್ಲಿ ಒಟ್ಟು ಮನೆಯೇ ನೆನೆದು ಕುಸಿಯುತ್ತದೆ. ಆ ಪದದ ಅಧ್ಯಾತ್ಮ ನಿಂತಿರುವುದು ಈ ಕಟ್ಟಡಜ್ಞಾನದ ಮೇಲೆ.

ಇನ್ನೊಂದು ಸಂಗತಿ ಶಾಸನಗಳಿಗೆ ಸಂಬಂಧಿಸಿದ್ದು. ನಮ್ಮ ದಾನಶಾಸನಗಳನ್ನು ಓದಿದವರಿಗೆಲ್ಲ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಕಂಠಪಾಠವಾಗಿರುತ್ತದೆ. ಒಡೆದುದನ್ನು, ಬಿರುಕುಬಿಟ್ಟುದನ್ನು, ಹಳತಾದುದನ್ನು ಸರಿಪಡಿಸುವುದಕ್ಕಾಗಿ ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡುವ ಕ್ರಮವಿದು. ಕಟ್ಟಿಸಿದ ದಿನವೇ ಮುಂದೆ ಅದು ಸೋರುವುದೆಂದು ಒಪ್ಪಿಕೊಂಡು, ರಿಪೇರಿಯ ಹಣವನ್ನು ಕಲ್ಲಿನಲ್ಲಿ ಬರೆಸಿಡುತ್ತಿದ್ದ ವಿವೇಕ ಅದರಲ್ಲಿದೆ. ದೇವಾಲಯಕ್ಕೆ ಸಲ್ಲುತ್ತಿದ್ದ ಈ ವಿವೇಕ ಆಧುನಿಕ ನಗರದ ಬಾಡಿಗೆಮನೆಗೆ ಸಲ್ಲಲು ಎಷ್ಟು ಕಾಲ ಬೇಕಾಯಿತೆಂಬುದನ್ನು ಮುಂದೆ ನೋಡುವೆವು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅದರ ರೂವಾರಿ ಗೇಯೋರ್ಗ್ ಪ್ಲೆಬ್ಸ್ಟ್. ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚಿನ ತತ್ತ್ವವನ್ನು ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಖ್ ಎಂಬ ಊರಿನ ಗಿಲಾರ್ಡೊನಿ ಸಹೋದರರು 1841ರಷ್ಟು ಹಿಂದೆಯೇ ಸಾಧಿಸಿದ್ದರು. ಆ ಊರು ಬಾಸೆಲ್ ನಗರಕ್ಕೆ ಬಹಳ ದೂರವಿಲ್ಲವೆಂಬುದು ಗಮನಾರ್ಹ. ನೇತ್ರಾವತಿಯ ದಂಡೆಯ ಆವೆಮಣ್ಣು, ಘಟ್ಟದ ಕಟ್ಟಿಗೆ, ಅಗ್ಗದ ದುಡಿಮೆ ಮತ್ತು ಬಂದರು ಒಂದೇ ಕಡೆ ಒದಗಿದ್ದರಿಂದ ಉದ್ಯಮ ಬೆಳೆಯಿತು. ಮಿಶನ್ನಿನವರು ಕುದ್ರೋಳಿ, ಮಲ್ಪೆಗಳಲ್ಲಿಯೂ ಮಲಬಾರಿನಲ್ಲಿಯೂ ಕಾರ್ಖಾನೆಗಳನ್ನು ತೆರೆದರು. ದೇಶೀಯ ಉದ್ಯಮಿಗಳೂ ಅನುಸರಿಸಿದರು. ಈ ಹಂಚು ಸಮುದ್ರಮಾರ್ಗವಾಗಿ ಮುಂಬಯಿಗೆ ಹೋಯಿತು. ಅಲ್ಲಿ ಅದಕ್ಕೆ ಇಂದಿಗೂ ‘ಮಂಗಲೋರಿ ಕೌಲ’ ಎಂದೇ ಹೆಸರು.

ಆ ಹೊತ್ತಿಗೆ ಮುಂಬಯಿಯಲ್ಲಿ ಹತ್ತಿಯ ಗಿರಣಿಗಳು ಬೇರೂರುತ್ತಿದ್ದವು. 1854ರಲ್ಲಿ ಕಾವಸ್ಜಿ ದಾವರರು ಸ್ಥಾಪಿಸಿದ ಮೊದಲ ಗಿರಣಿಯ ತರುವಾಯ ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕ್ಲಿಗಳಲ್ಲಿ ಗಿರಣಿಗಳ ಸುತ್ತ ಚಾಳುಗಳು ಎದ್ದವು. ಮರದ ಚೌಕಟ್ಟು, ಇಟ್ಟಿಗೆಯ ಗೋಡೆ, ಉದ್ದನೆಯ ಪಡಸಾಲೆ, ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಮೇಲೆ ಹಂಚಿನ ಮಾಡು. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಿಂದ ಹೊಟ್ಟೆಪಾಡಿಗಾಗಿ ಹೊರಟವರು ಹಡಗು ಹತ್ತಿ ಹೋದದ್ದೂ ಅದೇ ಸಮುದ್ರಮಾರ್ಗದಲ್ಲಿ. ಮಳೆಗಾಲದಲ್ಲಿ ಕಡಲು ಮುಚ್ಚುತ್ತಿದ್ದುದರಿಂದ ಹಂಚೂ ಮನುಷ್ಯನೂ ಜೂನಿಗೆ ಮೊದಲೇ ತಲುಪಬೇಕಾಗಿತ್ತು. ಮುಂಬಯಿ ಕನ್ನಡಿಗರ ಚರಿತ್ರೆಯೆಂದರೆ ನಾವು ಸಾಮಾನ್ಯವಾಗಿ 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ, ರಾತ್ರಿಶಾಲೆಗಳು, ಉಡುಪಿ ಹೋಟೆಲುಗಳು ಎಂದು ಎಣಿಸುತ್ತೇವೆ. ಊರಿನ ಮಣ್ಣೇ ಆ ನಗರದ ನೆತ್ತಿಯ ಮೇಲೆ ಕುಳಿತಿತ್ತೆಂಬುದನ್ನು ಎಣಿಸುವುದಿಲ್ಲ.

ಆ ನೆತ್ತಿಯನ್ನು ಸರಕಾರವೇ ಬಿಚ್ಚಿಸಿದ ಪ್ರಸಂಗವೊಂದಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ, ಗಾಳಿಬೆಳಕು ಸಾಲದ ಮನೆಗಳಲ್ಲಿ ರೋಗ ನೆಲೆಸುತ್ತದೆಂಬ ನಂಬಿಕೆಯಿಂದ ಅಧಿಕಾರಿಗಳು ಮನೆಗಳ ಹಂಚುಗಳನ್ನು ತೆಗೆಸಿ ಬಿಸಿಲು ಒಳಬೀಳುವಂತೆ ಮಾಡಿದರು. ವಾಸಕ್ಕೆ ಅಯೋಗ್ಯವೆಂದು ಗೋಡೆಗಳ ಮೇಲೆ ಗುರುತು ಹಾಕಿದರು. ಮನೆ ಬಿಟ್ಟವರು ಬಿದಿರು, ಚಾಪೆಗಳ ಶಿಬಿರಗಳಲ್ಲಿ ಇರಬೇಕಾಯಿತು. 1898ರಲ್ಲಿ ಸ್ಥಾಪಿತವಾದ ಸುಧಾರಣಾ ಮಂಡಳಿಯು ಈ ಭೀತಿಯ ಕೂಸು. 1920ರ ದಶಕದಲ್ಲಿ ಸರಕಾರದ ಅಭಿವೃದ್ಧಿ ಇಲಾಖೆಯು ವರ್ಲಿ, ನಾಯ್‌ಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕಟ್ಟಿಸಿದ 207 ಕಾಂಕ್ರೀಟು ಚಾಳುಗಳು ಬೇರೆ ಬಗೆಯವು. ಅವು ಸೋರುವ ರೀತಿಯೂ ಬೇರೆ. ಅಲ್ಲಿ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕುಹಿಡಿದು ಉಬ್ಬಿ, ಕಾಂಕ್ರೀಟು ಹೊಪ್ಪಳಿಕೆಯಾಗಿ ಕಳಚುತ್ತದೆ. ಅದರ ವಿಚಾರ ಇಲ್ಲಿ ಬೇಡ.

ಹಂಚಿನ ಮಾಡು ಹೇಗೆ ಸೋರುತ್ತದೆ, ಅದಕ್ಕೆ ತಾಡಪತ್ರಿ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಸಾಹಿತ್ಯದ ವಿದ್ಯಾರ್ಥಿಗೆ ಇದೇಕೆ ಎಂದು ಕೇಳಬಾರದು. ಮಾಡಿನ ನಡತೆಯನ್ನು ತಿಳಿಯದೆ ಮನೆಯವರ ನಡತೆ ಅರ್ಥವಾಗದು.

ಕಾಗೆ ಕುಕ್ಕಿ, ಬೆಕ್ಕು ಓಡಿ, ಪಕ್ಕದ ಕಟ್ಟಡದಿಂದ ಏನಾದರೂ ಬಿದ್ದು ಒಂದು ಹಂಚು ಒಡೆಯುತ್ತದೆ. ಅದೊಂದನ್ನು ಬದಲಿಸಿದರೆ ಕೆಲಸ ಮುಗಿಯಿತು. ಬಿಡಿಬಿಡಿಯಾಗಿ ಬದಲಿಸಬಹುದೆಂಬುದೇ ಈ ಹಂಚಿನ ದೊಡ್ಡ ಗುಣ. ಬದಲಿಸದಿದ್ದರೆ ನೀರು ನೇರವಾಗಿ ಕೆಳಗೆ ಬೀಳುವುದಿಲ್ಲ. ಅದು ರೀಪನ್ನು ಹಿಡಿದು, ಪಕ್ಕಾಸಿನ ಗುಂಟ ಜಾರಿ, ಒಡಕಿನಿಂದ ಎಷ್ಟೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಕೋಣೆಯಲ್ಲಿ ನೀರು ಬೀಳುವ ಜಾಗಕ್ಕೆ ಸರಿಯಾಗಿ ಮೇಲೆ ಹಾಳೆ ಹೊದಿಸಿದವನು ಮೂರ್ಖನಾಗುತ್ತಾನೆ. ತಾಡಪತ್ರಿಯ ಮೇಲಂಚು ಮಾಡಿನ ನೆತ್ತಿಯನ್ನು ದಾಟಿ ಆಚೆಯ ಇಳಿಜಾರಿಗೆ ಇಳಿದಿರಬೇಕು. ಇಲ್ಲವಾದರೆ ಮೇಲಿನಿಂದ ಬಂದ ನೀರು ಹಾಳೆಯ ಅಡಿಗೇ ನುಗ್ಗುತ್ತದೆ. ಕೆಳಅಂಚು ಸೂರನ್ನು ದಾಟಿ ಹೊರಚಾಚಬೇಕು. ಮೊಳೆ ಹೊಡೆಯಬಾರದು, ಏಕೆಂದರೆ ಹೊಡೆದ ಪ್ರತಿಯೊಂದು ಮೊಳೆಯೂ ಹೊಸ ತೂತು; ಅಂಚಿನ ಲೋಹದ ಕಣ್ಣುಗಳಲ್ಲಿ ಹಗ್ಗ ಪೋಣಿಸಿ ಕಟ್ಟಬೇಕು. ಸಡಿಲವಾದರೆ ಗಾಳಿ ಎತ್ತಿ ಬಡಿಯುತ್ತದೆ, ಒಂದು ರಾತ್ರಿಯಲ್ಲಿ ಅಂಚು ಹರಿಯುತ್ತದೆ. ತಗ್ಗುಬಿದ್ದಲ್ಲಿ ನೀರು ನಿಂತು ಕೊಳವಾಗಿ, ಭಾರಕ್ಕೆ ರೀಪು ಮುರಿಯುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ದೋಷ ಉಳಿಯುತ್ತದೆ. ಹಂಚಿನ ಸಂದುಗಳಿಂದ ಉಸಿರಾಡುತ್ತಿದ್ದ ಮಾಡು ಹಾಳೆಯ ಕೆಳಗೆ ಉಸಿರು ಕಟ್ಟುತ್ತದೆ. ಒಳಗಿನ ಒಲೆಯ ಆವಿ, ನೆನೆದ ಮರದ ತೇವ ಹೊರಹೋಗಲಾರದೆ ಪಕ್ಕಾಸುಗಳು ಒಳಗಿಂದೊಳಗೆ ಕೊಳೆಯುತ್ತವೆ. ನೀರು ನಿಂತಿತೆಂಬ ಸಮಾಧಾನದಲ್ಲಿ ಮನೆಯವರು ಮೂರುನಾಲ್ಕು ಮಳೆಗಾಲ ಕಳೆಯುತ್ತಾರೆ, ಮರ ಅಷ್ಟರಲ್ಲಿ ಮುಗಿದಿರುತ್ತದೆ.

ಹಾಗಾದರೆ ಒಂದು ಹಂಚನ್ನು ಬದಲಿಸಲು ಏನು ಅಡ್ಡಿ? ಈ ಪ್ರಶ್ನೆಗೆ ಉತ್ತರವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 1994ರ ಜುಲೈಯಲ್ಲಿ, ಸಂಶೋಧನ ಪ್ರಬಂಧದ ಕೆಲಸಕ್ಕಾಗಿ ಮುಂಬಯಿಗೆ ಹೋದಾಗ, ಪರೇಲಿನ ಚಾಳೊಂದರ ಮೇಲಂತಸ್ತಿನಲ್ಲಿದ್ದ ನಮ್ಮ ಸೋದರಮಾವನವರ ಕೋಣೆಯಲ್ಲಿ ಮೂರು ವಾರ ಇದ್ದೆವು. ಆ ಕೋಣೆಯಲ್ಲಿ ತಾಡಪತ್ರಿ ಮಾಡಿನ ಮೇಲೆ ಇರಲಿಲ್ಲ. ಮಾಡಿನ ಕೆಳಗೆ, ನಮ್ಮ ತಲೆಯ ಮೇಲೆ ತೊಟ್ಟಿಲಿನಂತೆ ಕಟ್ಟಿತ್ತು. ಸೋರಿದ ನೀರು ಅದರಲ್ಲಿ ಕೂಡಿ, ಒಂದು ಮೂಲೆಗೆ ಹರಿದು, ರಬ್ಬರು ಕೊಳವೆಯೊಂದರ ಮೂಲಕ ಪಡಸಾಲೆಯ ಮೋರಿಗೆ ಹೋಗುತ್ತಿತ್ತು. ರಾತ್ರಿ ಮಳೆ ಜೋರಾದಾಗ ಮಾವ ಎದ್ದು, ಕೋಲಿನಿಂದ ಹೊಟ್ಟೆಬಿಟ್ಟ ಹಾಳೆಯನ್ನು ಮೆಲ್ಲನೆ ಎತ್ತಿ ನೀರನ್ನು ಮೂಲೆಗೆ ದೂಡುತ್ತಿದ್ದರು. ಒಂದು ರಾತ್ರಿ ಅವರು ಎಚ್ಚರಾಗಲಿಲ್ಲ. ನಾವು ಎರಡು ವರ್ಷ ಕೂಡಿಸಿದ್ದ ಟಿಪ್ಪಣಿಯ ಚೀಟಿಗಳಲ್ಲಿ ಮೂರನೆಯ ಒಂದು ಭಾಗ ಬೆಳಗಾಗುವಾಗ ನೀಲಿ ನೀರಾಗಿತ್ತು.

ಮೇಲೆ ಹತ್ತಿ ಹಂಚನ್ನು ಬದಲಿಸಬಾರದೇ ಎಂದು ನಾವು ಕೊಂಚ ಸಿಟ್ಟಿನಿಂದಲೇ ಕೇಳಿದೆವು. ಮಾವ, “ಹಂಚು ನಮ್ಮ ಊರಿನದ್ದೇ ಅಳಿಯಾ. ಹತ್ತುವ ಹಕ್ಕು ನನ್ನದಲ್ಲ” ಎಂದರು. ಕೋಣೆಯ ಒಳಗೆ ಬಾಡಿಗೆದಾರನ ಅಧಿಕಾರ, ಮಾಡು ಮಾಲೀಕನದು. ಹತ್ತಿದರೆ ಕಟ್ಟಡಕ್ಕೆ ಕೈಹಾಕಿದನೆಂದು ತೆರವಿನ ದಾವೆಗೆ ಅದೇ ನೆಪವಾದೀತೆಂಬ ಭಯ ಆ ಚಾಳಿನ ಎಲ್ಲರಲ್ಲೂ ಇತ್ತು. ಮಾಲೀಕನಿಗೆ ಅವರು ಬರೆದ ಕಾಗದಗಳ ನಕಲುಗಳು ಒಂದು ಬಿಸ್ಕತ್ತಿನ ಡಬ್ಬದಲ್ಲಿದ್ದವು. ತೋಯದ ವಸ್ತುವೆಂದರೆ ಆ ಕೋಣೆಯಲ್ಲಿ ಅದೊಂದೇ.

ಇದರ ಹಿಂದಿರುವುದು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾನೂನು. ಅದು ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮೊದಲ ದಿನದ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಬಾಡಿಗೆಯೇರಿಕೆಯಿಂದ ಬಡವರನ್ನು ಉಳಿಸಿದ ಕಾನೂನು ಇದೆಂಬುದನ್ನು ಮರೆಯಲಾಗದು. ನಮ್ಮ ಮಾವನಂಥವರು ನಗರದ ನಡುವೆ ಬದುಕಿದ್ದು ಇದರಿಂದಲೇ. ಆದರೆ ಕೆಲವೇ ರೂಪಾಯಿಗಳ ಬಾಡಿಗೆ ಪಡೆಯುವ ಮಾಲೀಕ ಮಾಡನ್ನು ಏಕೆ ನೋಡಿಯಾನು? ಬಾಡಿಗೆದಾರನೇ ನೋಟೀಸು ಕೊಟ್ಟು ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು. ಮುರಿದುಕೊಳ್ಳಬಹುದಾದುದು ವರ್ಷದ ಬಾಡಿಗೆಯ ಒಂದು ಸಣ್ಣ ಅಂಶ ಮಾತ್ರ. ಬಾಡಿಗೆಯೇ ಅಲ್ಪವಾಗಿರುವಾಗ ಅದರ ಅಂಶದಿಂದ ಹಂಚು ಕೊಂಡರೆ ಹತ್ತುವವನ ಕೂಲಿಗೆ ಉಳಿಯದು.

ಕಟ್ಟಡಗಳು ಬೀಳತೊಡಗಿದ ಮೇಲೆ 1969ರಲ್ಲಿ ರಿಪೇರಿ ಮಂಡಳಿಯ ಕಾನೂನು ಬಂದಿತು. ದ್ವೀಪನಗರದ ಹಳೆಯ ಕಟ್ಟಡಗಳ ಮೇಲೆ ಕರ ಹಾಕಿ, ಆ ಹಣಕ್ಕೆ ಸರಕಾರ ಮತ್ತು ನಗರಪಾಲಿಕೆಗಳ ಪಾಲು ಕೂಡಿಸಿ, ಮಂಡಳಿಯೇ ರಿಪೇರಿ ಮಾಡಿಸುವ ವ್ಯವಸ್ಥೆ. ಅಂದು ಇದಕ್ಕೊಳಪಟ್ಟ ಕಟ್ಟಡಗಳು 19,642. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರಿಗೆ ಹಿಂದಿನವು. ಬಾಡಿಗೆ ನಿಂತ ದಿನಾಂಕವೇ ಕಟ್ಟಡದ ವಯಸ್ಸಿನ ಗಡಿಯೂ ಆದದ್ದು ಕಾಕತಾಳೀಯವಲ್ಲ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ದತ್ತಿಯೊಂದು ಕಡೆಗೂ ಏರ್ಪಟ್ಟಿತೆಂದು ಹೇಳಬಹುದು. ಶಾಸನದ ದತ್ತಿ ಕಟ್ಟಿಸುವಾಗಲೇ ಇರುತ್ತಿತ್ತು. ಇದು ಬೀಳುವಾಗ ಬಂದಿತು. 1977ರಿಂದ ಈ ಹೊಣೆ ಮ್ಹಾಡಾ ಎಂದು ಪ್ರಸಿದ್ಧವಾದ ವಸತಿ ಪ್ರಾಧಿಕಾರದ್ದು. ಒಂದು ಮಿತಿಗಿಂತ ಹೆಚ್ಚು ಖರ್ಚಾಗುವ ಕಟ್ಟಡವನ್ನು ರಿಪೇರಿಗೆ ಮೀರಿದ್ದೆಂದು ಬಿಡಬೇಕಾಗುತ್ತದೆ. ಆ ನಡುವಿನ ಕಾಲದಲ್ಲಿ ಕಟ್ಟಡದೊಳಗೆ ಮರದ ‘ಟೇಕು’ಗಳು ನಿಲ್ಲುತ್ತವೆ, ಮೇಲೆ ತಾಡಪತ್ರಿ ಏರುತ್ತದೆ. ಊರುಗೋಲೂ ಕಂಬಳಿಯೂ ಹಿಡಿದ ಮುದುಕನಂತೆ ಕಟ್ಟಡ ಸರದಿಗಾಗಿ ಕಾಯುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ಹಳೆಯದರ ಸ್ಥಾನಕ್ಕೆ ಬಂದರೂ ಹಳೆಯ ಬಾಡಿಗೆಗಳು ಹೆಚ್ಚು ಬದಲಾಗಲಿಲ್ಲ.

ತಾಡಪತ್ರಿ ಅಗ್ಗವಾದದ್ದು ಯಾವಾಗ ಎಂಬುದೂ ಮುಖ್ಯ. ಡಾಂಬರಿನ ಇಲ್ಲವೇ ಮೇಣದ ಕ್ಯಾನ್‌ವಾಸು ಭಾರವಾದುದು, ಬೆಲೆಯುಳ್ಳದ್ದು. ಅದು ಗೋದಿಯ, ಲಾರಿಯ, ಸೈನ್ಯದ ವಸ್ತು. ಬಡವರ ಗುಡಿಸಲಿಗೆ ಗೋಣಿತಟ್ಟು, ಡಾಂಬರು ಕಾಗದ, ಬಿಡಿಸಿದ ಡಬ್ಬಗಳ ತಗಡು. 1960ರ ದಶಕದಲ್ಲಿ ತುರ್ಭೆಯಲ್ಲಿಯೂ ಠಾಣೆ–ಬೇಲಾಪುರ ಪಟ್ಟಿಯಲ್ಲಿಯೂ ನಾಫ್ತಾದಿಂದ ಪಾಲಿಥೀನಿನ ಮೂಲವಸ್ತುಗಳನ್ನು ತಯಾರಿಸುವ ಸ್ಥಾವರಗಳು ಆರಂಭವಾದವು. ಮುಂದೆ ನೇಯ್ದ ಪ್ಲಾಸ್ಟಿಕ್ ಪಟ್ಟಿಗೆ ಎರಡೂ ಕಡೆ ಪೊರೆ ಹಚ್ಚಿದ ಹಾಳೆ, ಅಡ್ಡಡ್ಡ ಪದರಗಳನ್ನು ಬೆಸೆದ ಹಾಳೆ ಬಂದವು. ಬಣ್ಣಕ್ಕೂ ಬಲಕ್ಕೂ ಸಂಬಂಧ ಕಡಿಮೆ. ಕಪ್ಪು ಹಾಳೆ ಮಾತ್ರ, ಅದರಲ್ಲಿ ಬೆರೆಸಿದ ಇಂಗಾಲದ ಪುಡಿಯಿಂದಾಗಿ, ಬಿಸಿಲನ್ನು ಹೆಚ್ಚು ತಾಳುತ್ತದೆ. ತೆಳುವಾದ ನೀಲಿ ಹಾಳೆಯನ್ನು ಕೊಲ್ಲುವುದು ಮಳೆಯಲ್ಲ, ಅಕ್ಟೋಬರಿನ ಬಿಸಿಲು. ಬಿಚ್ಚಿ ಮಡಿಸಿಡದೆ ಬಿಟ್ಟವರು ಮರುವರ್ಷ ಪುಡಿಪುಡಿಯಾಗಿ ಉದುರುವ ಎಳೆಗಳನ್ನು ಗುಡಿಸಬೇಕಾಗುತ್ತದೆ.

ಚಾಳಿನಿಂದ ಝೋಪಡಪಟ್ಟಿಗೆ ಬಂದಾಗ ತಾಡಪತ್ರಿಯ ಅರ್ಥವೇ ಬದಲಾಗುತ್ತದೆ. ವಿಜಾಪುರ, ಕಲಬುರಗಿ, ರಾಯಚೂರುಗಳ ಬರದಿಂದ ಹೊರಟು ಮುಂಬಯಿಯ ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತ ಕನ್ನಡ ಮತ್ತು ಲಂಬಾಣಿ ಮಾತಿನ ಕೂಲಿಗಳಿಗೆ ಹಾಳೆ ಮಾಡಿನ ಮೇಲಿನ ಹೊದಿಕೆಯಲ್ಲ, ಅದೇ ಮಾಡು. ಕರಾವಳಿಯ ಹೋಟೆಲು ಹುಡುಗನಿಗೆ ಮಲಗಲು ಹೋಟೆಲಿನ ಮೇಜಾದರೂ ಇತ್ತು. ಮುಂಬಯಿ ಕನ್ನಡಿಗರ ಬಗೆಗಿನ ಬರೆಹಗಳು ಆ ಹುಡುಗನನ್ನು ನೆನೆದಷ್ಟು ಈ ಕೂಲಿಯನ್ನು ನೆನೆದಿಲ್ಲವೆಂಬುದು ನಮ್ಮ ಆಕ್ಷೇಪ.

ಇಲ್ಲಿ ಹಾಳೆಯ ಆಯ್ಕೆಗೆ ಬಡತನವೊಂದೇ ಕಾರಣವಲ್ಲ. 1976ರ ಜನವರಿಯಲ್ಲಿ ಸರಕಾರ ಗುಡಿಸಲುಗಳ ಗಣತಿ ನಡೆಸಿ ನಿವಾಸಿಗಳಿಗೆ ಭಾವಚಿತ್ರದ ಗುರುತುಪತ್ರ ಕೊಟ್ಟಿತು. ಗಣತಿಯಲ್ಲಿ ಸಿಕ್ಕವರಿಗೆ ಒಂದಿಷ್ಟು ರಕ್ಷಣೆ, ಉಳಿದವರಿಗೆ ಇಲ್ಲ. ಅಂದಿನಿಂದ ಗುಡಿಸಲಿಗೆ ಮಾಡುವ ಪ್ರತಿಯೊಂದು ಬದಲಾವಣೆಯೂ ಕಾನೂನಿನ ಕಣ್ಣಿಗೆ ಬೀಳುವ ವಿಷಯವಾಯಿತು. ಹೊಸ ಪತ್ರೆ ಹೊದಿಸಿದರೆ ‘ಹೊಸ ಕಟ್ಟಡ’, ಎತ್ತರ 14 ಅಡಿ ಮೀರಿದರೆ ಕೆಡಹುವವರು ಬರುವರು. ಹಾಳೆಯಾದರೋ ಕಟ್ಟಡವಲ್ಲ. ಇಂದು ಹೊದಿಸಿ ನಾಳೆ ತೆಗೆಯಬಹುದಾದುದನ್ನು ಕೆಡಹುವುದು ಹೇಗೆ? ಉಳ್ಳವರ ಬಹುಮಹಡಿ ಕಟ್ಟಡಗಳೂ ತಾರಸಿಯ ಮೇಲೆ ಮಳೆಗಾಲದ ತಾತ್ಕಾಲಿಕ ಮಾಡನ್ನು ಕಟ್ಟಿಕೊಳ್ಳುತ್ತವೆ. ಮಳೆ ಮುಗಿದೊಡನೆ ತೆಗೆಯಬೇಕೆಂಬ ಷರತ್ತಿನ ಮೇಲೆ ಪಾಲಿಕೆ ಅನುಮತಿ ಕೊಡುತ್ತದೆ. ತಾತ್ಕಾಲಿಕತೆಯು ಒಬ್ಬರಿಗೆ ಪರವಾನಗಿ, ಮತ್ತೊಬ್ಬರಿಗೆ ಮರೆ.

1981ರ ಜುಲೈ 13ರಂದು ಮುಖ್ಯಮಂತ್ರಿ ಎ. ಆರ್. ಅಂತುಳೆ ಅವರು ಮುಂಬಯಿಯ ಪಾದಚಾರಿ ದಾರಿಗಳಲ್ಲಿ ವಾಸಿಸುವವರನ್ನು ತೆರವುಗೊಳಿಸಿ ಅವರವರ ಊರಿಗೆ ಕಳಿಸಲಾಗುವುದೆಂದು ಘೋಷಿಸಿದರು. ನಡುಮಳೆಗಾಲ. ಗುಡಿಸಲುಗಳು ನೆಲಕ್ಕೆ ಬಿದ್ದವು, ಜನರನ್ನು ಬಸ್ಸುಗಳಲ್ಲಿ ತುಂಬಿ ಕಳಿಸಲಾಯಿತು. ನ್ಯಾಯಾಲಯಕ್ಕೆ ಹೋದವರಲ್ಲಿ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಅವರಿದ್ದರು. ತಮಿಳುನಾಡಿನ ಸೇಲಂನಿಂದ ಬಂದು ವಿಲೇಪಾರ್ಲೆಯ ಬಳಿ ಹೆದ್ದಾರಿಯ ಪಕ್ಕದಲ್ಲಿ ಇದ್ದ ಭೂಮಿಯಿಲ್ಲದ ಕೂಲಿಯೊಬ್ಬರಿದ್ದರು. ಅವರ ಗುಡಿಸಲು ಬಿದ್ದದ್ದು ಜುಲೈ 23ರಂದು. ಉಚ್ಚ ನ್ಯಾಯಾಲಯದಲ್ಲಿ ಆ ವರ್ಷದ ಅಕ್ಟೋಬರ್ 15ರ ತನಕ ಬಿಡುವು ದೊರೆಯಿತು. 1985ರ ಜುಲೈ 10ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು ತೀರ್ಪಿತ್ತರು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಹೇಳಿದ ತೀರ್ಪೆಂದು ಅದು ಪ್ರಸಿದ್ಧ. ತೆರವನ್ನು ಅದು ನಿಷೇಧಿಸಲಿಲ್ಲ. ಆದರೆ ಮಳೆಗಾಲ ಮುಗಿದು ಒಂದು ತಿಂಗಳಾಗುವವರೆಗೆ, ಎಂದರೆ 1985ರ ಅಕ್ಟೋಬರ್ 31ರವರೆಗೆ, ಕೆಡಹಬಾರದೆಂದು ಆದೇಶಿಸಿತು.

ಶ್ರಮಣರೂ ಯತಿಗಳೂ ಮಳೆಯ ನಾಲ್ಕು ತಿಂಗಳು ಸಂಚರಿಸದೆ ಒಂದೆಡೆ ನಿಲ್ಲುವ ಚಾತುರ್ಮಾಸ್ಯದ ನಿಯಮ ಇಲ್ಲಿ ನೆನಪಿಗೆ ಬಾರದಿರದು. ಮಳೆಯಲ್ಲಿ ಯಾರನ್ನೂ ಎಬ್ಬಿಸಬಾರದೆಂಬ ಬಹು ಹಳೆಯ ಧರ್ಮವನ್ನು ಆಧುನಿಕ ನ್ಯಾಯಪೀಠವು ತನ್ನದೇ ದಾರಿಯಿಂದ ಬಂದು ತಲುಪಿತು. ತಾಡಪತ್ರಿಯ ಆಯುಷ್ಯವೂ ನ್ಯಾಯಾಲಯದ ಬಿಡುವೂ ಒಂದೇ ಅಳತೆಯವಾದವು.

‘ತಾತ್ಕಾಲಿಕ’ ಎಂಬುದರ ಕುರಿತು ನಮ್ಮ ಹಳೆಯ ಭಾಷೆ ಹೇಳುವುದು ಬೇರೆ. ‘ಬೀಡು’ ಎಂದರೆ ದಂಡು ಇಳಿದ ತಾಣ, ಗೂಡಾರಗಳ ನೆಲೆ. ಅರಸನು ರಾಜ್ಯವಾಳುವ ಸ್ಥಳವನ್ನು ಶಾಸನಗಳು ‘ನೆಲೆವೀಡು’ ಎಂದು ಕರೆಯುತ್ತವೆ. ಎಂದರೆ ನೆಲೆನಿಂತ ಬೀಡು. ರಾಜಧಾನಿಯ ಹೆಸರಿನೊಳಗೇ ಅದು ಒಮ್ಮೆ ಡೇರೆಯಾಗಿತ್ತೆಂಬ ನೆನಪು ಉಳಿದಿದೆ. ಬೀಡು ಯಾವ ಗಳಿಗೆಯಲ್ಲಿ ನೆಲೆವೀಡಾಗುತ್ತದೆ? ಮಧ್ಯಕಾಲದಲ್ಲಿ ಅದನ್ನು ತೀರ್ಮಾನಿಸುತ್ತಿದ್ದವನು ಅರಸ. ಮುಂಬಯಿಯಲ್ಲಿ ಅದನ್ನು ತೀರ್ಮಾನಿಸುವುದು ಒಂದು ದಿನಾಂಕ: ಮೊದಲು 1976ರ ಗಣತಿ, ಅನಂತರ 1995ರ ಜನವರಿ 1, ತರುವಾಯ 2000ದ ಜನವರಿ 1. ಆ ದಿನ ಹಾಳೆಯಡಿಯಲ್ಲಿ ಇದ್ದೆನೆಂದು ತೋರಿಸಬಲ್ಲವನು ನಿವಾಸಿ; ಮರುದಿನ ಹಾಳೆ ಬಿಚ್ಚಿದವನು ಇನ್ನೂ ದಾರಿಹೋಕ.

ಈಚಿನ ಘಟನೆಗಳನ್ನು ಬೇಗನೆ ಹೇಳಿ ಮುಗಿಸಬಹುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆಯಾಯಿತು. ಆ ದಿನ ನೀರು ಮೇಲಿನಿಂದಲ್ಲ, ಕೆಳಗಿನಿಂದ ಬಂದಿತು, ಯಾವ ಹಾಳೆಯೂ ನೆರವಾಗಲಿಲ್ಲ. 2017ರ ಆಗಸ್ಟ್ 31ರಂದು, ಭಾರಿ ಮಳೆಯಾದ ಎರಡು ದಿನಗಳ ತರುವಾಯ, ಭೆಂಡಿ ಬಜಾರಿನ ಶತಮಾನ ದಾಟಿದ ಹುಸೈನಿ ಕಟ್ಟಡ ಕುಸಿದು 33 ಮಂದಿ ತೀರಿಕೊಂಡರು. 2021ರ ಮೇ 17ರಂದು ತೌಕ್ತೆ ಚಂಡಮಾರುತ ನಗರದ ಪಕ್ಕದಿಂದ ಹಾಯ್ದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರು ಮುಟ್ಟಿತ್ತು. ಇಟ್ಟಿಗೆ, ಟಯರುಗಳ ಲೆಕ್ಕಾಚಾರಕ್ಕೆ ಇದು ಮೀರಿದುದು.

2025ರ ಸಂಗತಿ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಮುಂಬಯಿಯಲ್ಲಿ ಮಳೆಗಾಲದ ವಾಡಿಕೆಯ ದಿನ ಜೂನ್ 11. ರೋಹಿಣಿಯಲ್ಲಿ ಹಾಳೆ ಕೊಂಡು, ಮೃಗಶಿರಕ್ಕೆ ಮುನ್ನ ಕಟ್ಟಿ ಮುಗಿಸುವುದು ನಮ್ಮ ಊರುಗಳಿಂದ ಹೋದವರ ಲೆಕ್ಕ. ಆ ವರ್ಷ ಮುಂಗಾರು ಮೇ 26ಕ್ಕೇ, ಎಂದರೆ 16 ದಿನ ಮೊದಲು ಬಂದಿತು. 1956ರಲ್ಲಿ ಅದು ಮೇ 29ರಂದು ಬಂದದ್ದೇ ಅದುವರೆಗಿನ ದಾಖಲೆಯಾಗಿತ್ತು. ರೋಹಿಣಿಯ ಮೊದಲ ದಿನಗಳಲ್ಲಿ ಮೃಗಶಿರದ ಕೆಲಸ ಮಾಡಿ ಮುಗಿಸಿದವರು ಎಷ್ಟು ಜನ ಇದ್ದಾರು?

ನಮ್ಮ ಮಾವನವರ ಚಾಳಿಗೆ ‘ಧೋಕಾದಾಯಕ’ ಎಂಬ ಫಲಕ ಬಿದ್ದದ್ದು 2006ರಲ್ಲಿ. ಎರಡು ವರ್ಷದ ಮೇಲೆ ಅವರನ್ನು ಉಪನಗರದ ಒಂದು ಸಂಕ್ರಮಣ ಶಿಬಿರಕ್ಕೆ ಸಾಗಿಸಿದರು. ಹಳೆಯ ಮಾಡನ್ನು ಇಳಿಸುವ ದಿನ ಅವರು ಹೋಗಿ ನಿಂತು, ಕೆಲಸದವನನ್ನು ಕೇಳಿಕೊಂಡು ಒಂದು ಹಂಚನ್ನು ಪಡೆದರು. ತಿರುವಿ ನೋಡಿದರೆ ಮಂಗಳೂರಿನ ಹೆಸರು ಅಚ್ಚಾಗಿತ್ತು, ಕಾರ್ಖಾನೆಯ ಹೆಸರು ಸವೆದುಹೋಗಿತ್ತು. ಶಿಬಿರದ ಕೋಣೆಗೆ ಕಾಂಕ್ರೀಟಿನ ಮಾಡು. ಮೊದಲ ಮಳೆಗಾಲದಲ್ಲಿ ನಾವು ಹೋದಾಗ ಆ ಹಂಚು ಕಿಟಕಿಯ ಮೇಲಿತ್ತು, ಪರೇಲಿನ ತಾಡಪತ್ರಿ ತೊಳೆದು ಮಡಿಸಿ ಮಂಚದ ಕೆಳಗಿತ್ತು. ಇಲ್ಲಿ ಇನ್ನು ಅದೇಕೆ ಎಂದು ಕೇಳಿದೆವು. ಮಾವ ಉತ್ತರ ಹೇಳದೆ ಸೂರಿನ ಒಂದು ಮೂಲೆಯನ್ನು ತೋರಿಸಿದರು. ಅಲ್ಲಿ ಅಂಗೈಯಗಲದ ಕಂದು ಕಲೆಯೊಂದು ಮೂಡಿತ್ತು.